ಅನಂತವನ್ನು ತೊಳೆದವರು

ನಮ್ಮ ಕಾಲೇಜಿನಲ್ಲಿ ಅನಂತವು ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಬರುತ್ತಿತ್ತು. ವೇದಾಂತಿಗಳು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ವೇದಾಂತಿಗಳಲ್ಲಿ ಯಾರೂ ಕಾಚಿಗೂಡದ ಆ ಕಾಲೇಜಿನ ಎರಡನೇ ಮಹಡಿಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಮಾಡಿದವರಲ್ಲ. ಅಲ್ಲಿ ಕಿಟಕಿಯ ಪಕ್ಕದ ಕಡಪಾ ಕಲ್ಲಿನ ಮೇಲೆ, ಬಿರಡೆ ಹಾಕಿದ ಒಂದು ಗಾಜಿನ ಫ್ಲಾಸ್ಕು ಕೂತಿರುತ್ತಿತ್ತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಅಡ್ಡ ಮಲಗಿದ ಎಂಟು. ಆ ಫ್ಲಾಸ್ಕಿಗೂ, ಆ ಕಾರಣದಿಂದ ಅನಂತಕ್ಕೂ, ಜವಾಬ್ದಾರರಾಗಿದ್ದವರು ಒಬ್ಬರೇ. ಅವರು ಹೋದ ತಿಂಗಳು ರಾಯಚೂರಿನಲ್ಲಿ ತೀರಿಕೊಂಡರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಯುನಿಟ್?’ ಎಂದು ಬಂದು ಕೂತೀತೆಂಬ ಭಯ ನನಗೆ ಈಗಲೂ ಇದೆ. ಅಳತೆಯ ಮುಂದೆ ಅದರ ಘಟಕ ಬರೆಯದವರನ್ನು ಅವರು ಕ್ಷಮಿಸಿದ ಉದಾಹರಣೆ ಇಲ್ಲ. ಒಮ್ಮೆ ಪ್ರಿನ್ಸಿಪಾಲರು ‘ವಿದ್ಯಾರ್ಥಿಗಳ ಹಾಜರಿ ಕನಿಷ್ಠ ಎಪ್ಪತ್ತೈದು ಇರತಕ್ಕದ್ದು’ ಎಂದು ಸುತ್ತೋಲೆ ಕಳಿಸಿದರು. ಎಲ್ಲ ಅಧ್ಯಾಪಕರೂ ಸಹಿ ಹಾಕಿದ ಆ ಹಾಳೆ ಪ್ರಿನ್ಸಿಪಾಲರ ಮೇಜಿಗೆ ಮರಳಿದಾಗ ಎಪ್ಪತ್ತೈದರ ಪಕ್ಕದಲ್ಲಿ ಕೆಂಪು ಶಾಯಿಯಿತ್ತು. ಪ್ರಿನ್ಸಿಪಾಲರು ಅದನ್ನು ಮರೆಯಲಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ.

ನಾವೆಲ್ಲ ಅವರನ್ನು ಮಾಸ್ತರು ಎಂದು ಕರೆಯುತ್ತಿದ್ದೆವು. ರಾಯಚೂರು ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಸಮಾಧಾನ ತೆಲುಗಿನಲ್ಲಿ, ಚಹಾ ಹೇಳುವುದು ಉರ್ದುವಿನಲ್ಲಿ. ಬೈಗುಳಕ್ಕೆ ಮಾತ್ರ ಕನ್ನಡವನ್ನು ಮೀಸಲಿಟ್ಟಿದ್ದರು. ಹುಡುಗರಿಗೆ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಆಮೇಲೆ ಪಶ್ಚಾತ್ತಾಪ ಪಡುವ ಕೆಲಸವೂ ಇರಲಿಲ್ಲ. ನಾನು ಅದೇ ವಿಭಾಗಕ್ಕೆ ಲೆಕ್ಚರರನಾಗಿ ಬಂದ ದಿನ, ಮೈಸೂರು ಕಡೆಯ ನನ್ನ ಮಾತನ್ನು ಎರಡು ನಿಮಿಷ ಕೇಳಿ, “ಭಾಳ ಚಲೋ ಆತು ಬಿಡ್ರಿ. ಇನ್ನ ಮ್ಯಾಲ ರೇಡಿಯೋ ವಾರ್ತಾ ನಮ್ಮ ಲ್ಯಾಬಿನಾಗ ಬರತೈತಿ” ಅಂದರು.

ಪ್ರಯೋಗದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮಾಸ್ತರ ಬಗ್ಗೆ ಹೇಳಿದಂತಾಗುವುದಿಲ್ಲ. ಮೀಥೈಲ್ ಅಸಿಟೇಟ್ ಎಂಬ ಘಾಟು ವಾಸನೆಯ ದ್ರವವನ್ನು ಆಮ್ಲದ ನೀರಿಗೆ ಹಾಕಿದರೆ ಅದು ನಿಧಾನವಾಗಿ ಒಡೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ತೆಗೆದು, ಐಸ್ ನೀರಿಗೆ ಸುರಿದು, ಅದರ ಓಟವನ್ನು ಅಲ್ಲಿಗೇ ನಿಲ್ಲಿಸಿ, ಎಷ್ಟು ಒಡೆದಿದೆ ಎಂದು ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಅಳೆಯಬೇಕು. ಇವೆಲ್ಲದರ ಜೊತೆಗೆ, ಪೂರ್ತಿ ಒಡೆದು ಮುಗಿದ ಮೇಲಿನ ಅಳತೆಯೊಂದು ಬೇಕು. ಅದೇ ಅನಂತದ ರೀಡಿಂಗು. ಅದಕ್ಕಾಗಿಯೇ ಹಿಂದಿನ ದಿನ ಬೆರೆಸಿಟ್ಟ ಫ್ಲಾಸ್ಕು. ಅನಂತದ ಅಳತೆಯಿಂದ ಉಳಿದ ಅಳತೆಗಳನ್ನು ಒಂದೊಂದಾಗಿ ಕಳೆದು, ಲಾಗ್ ತೆಗೆದು, ಕಾಲದ ಎದುರು ಗ್ರಾಫಿನಲ್ಲಿ ಗುರುತಿಸಿದರೆ ಚುಕ್ಕಿಗಳು ನೆಟ್ಟಗೆ ಒಂದೇ ಗೆರೆಯಲ್ಲಿ ಇಳಿಯುತ್ತವೆ. ಹಾಗೆ ಇಳಿದರೆ ಅದು ಫಸ್ಟ್ ಆರ್ಡರ್ ಕ್ರಿಯೆ: ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕಷ್ಟೇ ವೇಗ, ಮತ್ತು ಎಷ್ಟೇ ಇದ್ದರೂ ಅರ್ಧವಾಗಲು ಅಷ್ಟೇ ಹೊತ್ತು. ಆ ಹೊತ್ತಿಗೆ ಅರ್ಧಾಯು ಎಂದು ಹೆಸರು.

ವಾಟರ್ ಬಾತಿನಲ್ಲಿ ಕಾಯಿಸಿ ಅನಂತವನ್ನು ಒಂದೆರಡು ಗಂಟೆಯಲ್ಲೇ ಬರಿಸುವವರಿದ್ದಾರೆ. ಮಾಸ್ತರಿಗೆ ಅದು ಸೇರುತ್ತಿರಲಿಲ್ಲ. “ಕಾಸಿದ್ರ ಅರ್ಧ ಒಡಿತೈತಿ, ಅರ್ಧ ಹಾರಿಹೋಗತೈತಿ. ಕುದಿಸಿದ ಅನಂತ ಯಾವ ಕೆಲಸಕ್ಕ ಬರತೈತ್ರಿ?”

“ಆದರೆ ಮಾಸ್ತರೇ, ಅರ್ಧ, ಅದರಲ್ಲಿ ಅರ್ಧ ಅಂತ ಹೋಗುತ್ತಿದ್ದರೆ ಅದು ಮುಗಿಯುವುದೇ ಇಲ್ಲವಲ್ಲ. ಹನ್ನೊಂದಕ್ಕೆ ಅನಂತ ಹೇಗೆ ಬರುತ್ತದೆ?” ಎಂದು ನಾನೊಮ್ಮೆ ಕೇಳಿದೆ.

“ಬ್ಯುರೆಟ್ಟಿಗೆ ಕಾಣಲಾರದಷ್ಟು ಉಳಿದ್ರ ಸಾಕ್ರಿ. ಅದಕ್ಕ ಕಾಲೇಜಿನ ಅನಂತ ಅಂತಾರ.”

ಅವರ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿನ ಜೊತೆಗೆ ಬೆಂಕಿಕಡ್ಡಿಗೆ ಸುತ್ತಿದ ಕರಿ ದಾರ ಇರುತ್ತಿತ್ತು. ಗ್ರಾಫಿನ ಚುಕ್ಕಿಗಳ ಮೇಲೆ ಆ ದಾರವನ್ನು ಎರಡು ಹೆಬ್ಬೆರಳಲ್ಲಿ ಎಳೆದು ಹಿಡಿದು, ಅತ್ತ ಇತ್ತ ಸರಿಸಿ, ಅರ್ಧ ಚುಕ್ಕಿ ಮೇಲೆ ಅರ್ಧ ಚುಕ್ಕಿ ಕೆಳಗೆ ಬಂದಾಗ “ಹಾಂ, ಇಲ್ಲೇ” ಅನ್ನುವರು. ಮೊದಲೇ ಗೆರೆ ಎಳೆದು ಆಮೇಲೆ ಅದರ ಮೇಲೆ ಚುಕ್ಕಿ ಜೋಡಿಸುವ ಹುಡುಗರನ್ನು ದೂರದಿಂದಲೇ ಹಿಡಿಯುತ್ತಿದ್ದರು. “ನೋಡ್ರಿ ಇಂವನ್ನ. ಹೆಣ್ಣ ನೋಡಾಕ ಹೋಗಿಲ್ಲ, ಕೂಸಿಗೆ ಹೆಸರಿಟ್ಟು ಕುಂತಾನ.” ಹುಡುಗ ನಗುತ್ತಿದ್ದ, ಹೊಗಳಿದರೆಂದೇ ಅವನ ಭಾವನೆ.

ಫಸ್ಟ್ ಆರ್ಡರಿನ ಈ ಶಾಸ್ತ್ರವನ್ನು ಅವರು ಲ್ಯಾಬಿನ ಹೊರಗೂ ಅನ್ವಯಿಸುತ್ತಿದ್ದರು. ರಜೆಯ ಅರ್ಜಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೊರಟಿದ್ದ ನನ್ನನ್ನು ಒಂದು ದಿನ ತಡೆದರು. ಪ್ರಿನ್ಸಿಪಾಲರು ಆಗತಾನೆ ಯಾರಿಗೋ ಕೂಗಾಡಿದ್ದರು.

“ಅವರ ಸಿಟ್ಟು ಫಸ್ಟ್ ಆರ್ಡರ್ ಐತ್ರಿ. ನಾ ಅಳದೀನಿ. ಅರ್ಧಾಯು ಇಪ್ಪತ್ತು ನಿಮಿಷ. ನಲವತ್ತು ನಿಮಿಷ ಬಿಟ್ಟು ಹೋಗ್ರಿ, ಪಾವು ಭಾಗ ಉಳಿದಿರತೈತಿ. ಪಾವು ತಡಕೋಬಹುದು.”

“ಪೂರ್ತಿ ಇಳಿದ ಮೇಲೇ ಹೋದರಾಯಿತು.”

“ಪೂರಾ ಇಳಿಯಂಗಿಲ್ರಿ, ಅದ ಇದರ ಮಜಾ. ನೀವು ರಿಟೈರ್ ಆದ್ರೂ ಚೂರು ಉಳಿದಿರತೈತಿ.”

ನಲವತ್ತು ನಿಮಿಷ ಬಿಟ್ಟು ಹೋದೆ. ರಜೆ ಸಿಕ್ಕಿತು. ಅಂದಿನಿಂದ ಇಡೀ ಸ್ಟಾಫ್ ರೂಮು ಈ ಪದ್ಧತಿಯನ್ನು ಪಾಲಿಸಿತು. ಪ್ರಿನ್ಸಿಪಾಲರಿಗೆ ಮಾತ್ರ, ತಾವು ಬೈದ ಕೂಡಲೇ ಮುಕ್ಕಾಲು ಗಂಟೆ ಯಾರೂ ಹತ್ತಿರ ಸುಳಿಯುವುದಿಲ್ಲ ಏಕೆಂದು ಇಂದಿಗೂ ತಿಳಿದಿಲ್ಲ.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮಾಸ್ತರು, ಅವರ ಹೆಂಡತಿ. ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ ಒಂದು ಭಾನುವಾರ ಹೋಗಿದ್ದೆ. ಆಡಳಿತ ಮಂಡಳಿಯವರು ಇಷ್ಟವಿದ್ದವರಿಗೆ ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡುವ ರೂಢಿಯಿತ್ತು. ಪ್ರಿನ್ಸಿಪಾಲರು ಶಿಫಾರಸು ಮಾಡಬೇಕು, ಅಷ್ಟೇ. ಆ ವಿಷಯವನ್ನು ಎತ್ತಿದವರು ಮನೆಯವರು.

“ಹ್ಯಾಂಗರ ಮಾಡಿ ಕೊಡಸ್ರಿ ಅಣ್ಣಾರ. ಇಡೀ ದಿನಾ ಇವರು ಮನ್ಯಾಗ ಕುಂತ್ರ ನನ್ನ ಗತಿ ಏನು? ಬ್ಯಾಳಿ ಕುದಿಯಾಕ ಇಟ್ರ ಗಡಿಯಾರ ಹಿಡಕೊಂಡು ಬಂದು ನಿಂದರತಾರ.”

“ಬ್ಯಾಳಿ ಕುದಿಯೂದು ಫಸ್ಟ್ ಆರ್ಡರ್ ಅಲ್ಲ. ಭಾಳ ಕಿಚಡಿ ಐತಿ ಅದರಾಗ,” ಮಾಸ್ತರು ಗಂಭೀರವಾಗಿ ಹೇಳಿದರು.

“ಕೇಳಿದ್ರಿಲ್ಲೋ?” ಎಂದು ಆಕೆ ನನ್ನ ಕಡೆ ನೋಡಿದರು.

ಚಹಾ ಬಂತು. ಮಾಸ್ತರು ತಮ್ಮ ಕಪ್ಪನ್ನು ಪಕ್ಕಕ್ಕಿಟ್ಟು ಕೂತರು. ಚಹಾದ ಬಿಸಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆಂದು ಅವರ ಶೋಧನೆ; ಒಂದು ಅರ್ಧಾಯು ಕಳೆಯದೆ ಮುಟ್ಟುವವರಲ್ಲ. ನನ್ನನ್ನು ಕಳಿಸಲು ಓಣಿಯ ತುದಿಯವರೆಗೆ ಬಂದವರು, ಅಲ್ಲಿ ಮಾತ್ರ ಒಂದು ಮಾತು ಹೇಳಿದರು: “ಊರಾಗ ಮನಿ ಐತ್ರಿ. ಲ್ಯಾಬ್ ಇಲ್ಲ.” ಎಕ್ಸ್‌ಟೆನ್ಷನ್ನಿನ ಬಗ್ಗೆ ಅವರು ಆಡಿದ ಮಾತು ಇಷ್ಟೇ.

ಇನ್ನು ಯಾದಮ್ಮ. ಮಹಬೂಬ್‌ನಗರದ ಕಡೆಯವಳು, ಲ್ಯಾಬ್ ಅಟೆಂಡರು, ವರ್ಷವರ್ಷವೂ ನವೀಕರಿಸಬೇಕಾದ ಕಾಂಟ್ರಾಕ್ಟಿನ ಮೇಲಿದ್ದವಳು. ಪ್ರಯೋಗಕ್ಕೆ ಬೇಕಾದ ಐಸನ್ನು ಸರ್ಕಲ್ಲಿನ ಕಬ್ಬಿನ ಹಾಲಿನ ಬಂಡಿಯಿಂದ ಬಕೆಟ್ಟಿನಲ್ಲಿ ತರುವುದರಲ್ಲಿ ಆಕೆಗೆ ಸಮನಿಲ್ಲ. ಆದರೆ ಫ್ಲಾಸ್ಕು ತೊಳೆ ಎಂದು ಮೂರು ಸಲ ಹೇಳದೆ ಆಕೆ ಒಂದನ್ನೂ ತೊಳೆದ ದಾಖಲೆಯಿಲ್ಲ. ಓದು ಬಾರದು. ಅನಂತದ ಚಿಹ್ನೆಗೆ ಆಕೆ ಇಟ್ಟ ಹೆಸರು ‘ಪಂಡುಕುನ್ನ ಎನ್ಮಿದಿ’, ಮಲಗಿದ ಎಂಟು. ಎರಡು ಬ್ಯುರೆಟ್ ಒಡೆದಿದ್ದಕ್ಕೆ ಪ್ರಿನ್ಸಿಪಾಲರು ಆಗಲೇ ಎಚ್ಚರಿಕೆ ಕೊಟ್ಟಿದ್ದರು: ಇನ್ನೊಂದು ತಪ್ಪಾದರೆ ಕಾಂಟ್ರಾಕ್ಟ್ ಇಲ್ಲ.

ಈಗ ಆ ದಿನಕ್ಕೆ ಬರಬೇಕು. ಬರದೆ ಸುತ್ತಿ ಹೋಗಲು ಇಷ್ಟು ಪುಟ ಉಪಯೋಗಿಸಿಕೊಂಡಿದ್ದೇನೆ.

ಅದು ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಮಾಸ್ತರು ಫ್ಲಾಸ್ಕಿನಲ್ಲಿ ಬೆರೆಸಿ, ಚೀಟಿ ಅಂಟಿಸಿ, ಕಡಪಾ ಕಲ್ಲಿನ ಮೇಲಿಟ್ಟು ಪಾಠಕ್ಕೆ ಹೋದರು. ಇಡೀ ಬ್ಯಾಚಿಗೆ ಅದೊಂದೇ ಅನಂತ. ಮಧ್ಯಾಹ್ನ ಲ್ಯಾಬಿಗೆ ನಾನು ಹೋದೆ. ವಿಭಾಗದ ಮುಖ್ಯಸ್ಥನಾಗುವ ಸರದಿ ಆ ವರ್ಷ ನನ್ನದಿತ್ತು. ಹೊರಗಿನ ಪರೀಕ್ಷಕರ ಕಣ್ಣಿಗೆ ಲ್ಯಾಬು ಕನ್ನಡಿಯಂತೆ ಕಾಣಬೇಕೆಂದು ನನ್ನ ಆಸೆ. ಕಿವಿಯಲ್ಲಿ ಫೋನು ಹಿಡಿದುಕೊಂಡೇ ಯಾದಮ್ಮನಿಗೆ ಹೇಳಿದೆ, ಕಲ್ಲಿನ ಮೇಲಿರುವುದನ್ನೆಲ್ಲ ತೊಳೆದಿಡು ಎಂದು. ಮೂರು ಸಲ ಹೇಳಿದೆ. ಮೂರನೆಯ ಸಲ ಆಕೆ ಬೆರಳು ತೋರಿಸಿ ಕೇಳಿದಳು: “ಅದಿ ಗೂಡಾನಾ ಸಾರ್?” ಅದೂನಾ?

ನಾನು ಆ ಕಡೆ ನೋಡಲಿಲ್ಲ. “ಅನ್ನೀ, ಅನ್ನೀ,” ಅಂದೆ. ಎಲ್ಲಾ, ಎಲ್ಲಾ.

ಮರುದಿನ ಪರೀಕ್ಷೆ ಶುರುವಾಗಿ ಹುಡುಗರು ಮೊದಲ ರೀಡಿಂಗುಗಳನ್ನು ತೆಗೆದುಕೊಂಡಿದ್ದರು. ಮಾಸ್ತರು ಹನ್ನೊಂದಕ್ಕೆ ಸರಿಯಾಗಿ ಬ್ಯುರೆಟ್ ತುಂಬಿಕೊಂಡು ಕಲ್ಲಿನ ಹತ್ತಿರ ಹೋದರು. ಫ್ಲಾಸ್ಕುಗಳೆಲ್ಲ ಬೋರಲಾಗಿ, ಸಾಲಾಗಿ, ಫಳಫಳ ಹೊಳೆಯುತ್ತಿದ್ದವು. ಅವುಗಳಲ್ಲಿ ಯಾವುದು ನಿನ್ನೆಯ ಅನಂತ ಎಂದು ಹೇಳುವಂತಿರಲಿಲ್ಲ. ಯಾದಮ್ಮ ಬಾಗಿಲಲ್ಲಿ ಐಸಿನ ಬಕೆಟ್ ಹಿಡಿದು ನಿಂತಿದ್ದಳು, ನನ್ನನ್ನು ನೋಡಿದಳು.

ಮಾಸ್ತರು ಕೂಗಾಡಲಿಲ್ಲ. ಒಂದು ನಿಮಿಷ ಆ ಸಾಲನ್ನು ನೋಡಿದರು. “ಭಾಳ ಚಂದ ತೊಳದಾರ,” ಅಂದರು. ಆಮೇಲೆ ಪರೀಕ್ಷಕರ ಹತ್ತಿರ ಹೋಗಿ, ಬೇರೆ ಕಾಲೇಜಿನಿಂದ ಬಂದಿದ್ದ ಆ ಮೇಡಮ್ಮಿಗೆ, ಅನಂತವಿಲ್ಲದೆಯೂ ಗೆರೆ ಎಳೆಯುವ ಹಳೆಯ ಪದ್ಧತಿಯೊಂದಿದೆ, ಒಂದು ಗಂಟೆ ಹೆಚ್ಚು ಕೊಟ್ಟರೆ ಸಾಕು ಎಂದರು. ಪ್ರತಿಯೊಂದು ರೀಡಿಂಗನ್ನು ಅನಂತದ ಜೊತೆ ಹೋಲಿಸುವ ಬದಲು, ಅದಾಗಿ ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ತೆಗೆದ ರೀಡಿಂಗಿನ ಜೊತೆ ಹೋಲಿಸುವುದು. ಆ ಎರಡರ ನಡುವಿನ ವ್ಯತ್ಯಾಸದ ಲಾಗ್ ಹಾಕಿದರೂ ಗೆರೆ ಅದೇ ಇಳಿಜಾರಿನಲ್ಲಿ ಇಳಿಯುತ್ತದೆ. ಕೊನೆ ಏನೆಂದು ಗೊತ್ತಿರಬೇಕಾಗಿಲ್ಲ.

“ಪುಸ್ತಕದಲ್ಲಿ ಓದಿದ್ದೆ. ಯಾರಾದರೂ ಮಾಡಿದ್ದನ್ನು ನೋಡಿರಲಿಲ್ಲ,” ಎಂದರು ಮೇಡಮ್. ಒಪ್ಪಿದರು. ಮಾಸ್ತರು ದಾರ ಹಿಡಿದು ಒಂದೊಂದೇ ಮೇಜಿಗೆ ಹೋದರು. ಚುಕ್ಕಿಗಳು ಸ್ವಲ್ಪ ಚೆದುರಿದ್ದವು, ಆದರೆ ಗೆರೆ ಗೆರೆಯೇ. ಇಡೀ ಬ್ಯಾಚು ಪಾಸಾಯಿತು.

ಪರೀಕ್ಷೆ ಒಂದು ಗಂಟೆ ತಡವಾಗಿ ಮುಗಿದದ್ದಕ್ಕೆ ಮಾತ್ರ ಕಾರಣ ಕೊಡಬೇಕಾಯಿತು. ಪ್ರಿನ್ಸಿಪಾಲರು ಮಾಸ್ತರು, ಯಾದಮ್ಮ, ನಾನು, ಹೀಗೆ ನಮ್ಮ ಮೂವರನ್ನೂ ಕೂಡಲೇ ಕರೆಸಿದರು. ನಲವತ್ತು ನಿಮಿಷ ಬಿಟ್ಟು ಹೋಗುವ ಸವಲತ್ತು ಆ ದಿನ ಇರಲಿಲ್ಲ.

“ಎವರು ಕಡಿಗಾರು?” ಯಾರು ತೊಳೆದದ್ದು? ಕೇಳಿದ್ದು ಎಲ್ಲರನ್ನು, ನೋಡಿದ್ದು ಯಾದಮ್ಮನನ್ನು.

ಯಾದಮ್ಮ ನೆಲ ನೋಡಿದಳು. ನಾನು ಬಾಯಿ ತೆರೆಯುವವನಿದ್ದೆ. ತೆರೆಯುವವನಿದ್ದೆ ಎಂದು ಬಹಳ ದಿನ ನಂಬಿಕೊಂಡೂ ಇದ್ದೆ. ಅಷ್ಟರಲ್ಲಿ ಮಾಸ್ತರ ದನಿ ಕೇಳಿಸಿತು.

“ನೇನೇ ಸಾರ್. ವಯಸೈಪೋಯಿಂದಿ. ಮರ್ಚಿಪೋಯಾನು.” ನಾನೇ. ವಯಸ್ಸಾಯಿತು, ಮರೆತೆ.

ಪ್ರಿನ್ಸಿಪಾಲರ ಮುಖದಲ್ಲಿ ಹಳೆಯ ಎಪ್ಪತ್ತೈದು ಮಿಂಚಿತು. “ವಯಸ್ಸಾಯಿತೆಂದು ನೀವೇ ಹೇಳಿದಿರಿ ಮಾಸ್ತರೇ, ನಾನಲ್ಲ,” ಎಂದರು. ಎಕ್ಸ್‌ಟೆನ್ಷನ್ ಅಲ್ಲಿಗೆ ಮುಗಿಯಿತು. ಯಾದಮ್ಮನ ಕಾಂಟ್ರಾಕ್ಟ್ ನವೀಕರಣವಾಯಿತು. ನಾನು ಮುಖ್ಯಸ್ಥನಾದೆ.

ಬೀಳ್ಕೊಡುಗೆಗೆ ಒಂದು ಹಿತ್ತಾಳೆ ಫಲಕ ಮಾಡಿಸಿದ್ದರು. ಅದರ ಮೇಲೆ ‘ಮೂವತ್ತನಾಲ್ಕು ನಿಷ್ಠಾವಂತ ಸೇವೆ’ ಎಂಬರ್ಥದ ಇಂಗ್ಲಿಷ್ ಕೆತ್ತಿತ್ತು. ‘ವರ್ಷ’ ಎಂಬ ಮಾತು ಕೆತ್ತುವವನ ಕೈ ತಪ್ಪಿ ಹೋಗಿತ್ತು. ಮಾಸ್ತರು ಅದನ್ನು ಓದಿದರು. ಜೇಬಿಗೆ ಕೈ ಹೋಯಿತು. ಹಿತ್ತಾಳೆಯ ಮೇಲೆ ಶಾಯಿ ಹಿಡಿಯಲಿಲ್ಲವಾದ್ದರಿಂದ ಅದರ ರಟ್ಟಿನ ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ಅದೇ ಹಳೆಯ ಪ್ರಶ್ನೆ ಬರೆದರು. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ಹೊಡೆದರು. ಮರುವಾರ ಗಂಡ ಹೆಂಡತಿ ಗದ್ವಾಲ ಮೇಲೆ ಹೋಗುವ ಗಾಡಿ ಹತ್ತಿ ರಾಯಚೂರಿಗೆ ಹೋದರು.

ವರ್ಷದ ಮೇಲೆ ಪಿಂಚಣಿಯ ಕಾಗದಕ್ಕೆಂದು ನಾಂಪಲ್ಲಿಯ ಕಚೇರಿಗೆ ಬಂದವರು ನನಗೆ ಫೋನ್ ಮಾಡಿದರು. ಸ್ಟೇಷನ್ನಿನ ಎದುರಿನ ಇರಾನಿ ಹೋಟೆಲಿನಲ್ಲಿ ಕೂತೆವು. ಸ್ವಲ್ಪ ಇಳಿದಿದ್ದರು. ಜೇಬಿನಲ್ಲಿ ಪೆನ್ನಿತ್ತು, ದಾರವೂ ಇತ್ತು. ಚಹಾ ಬಂತು, ಪಕ್ಕಕ್ಕೆ ಸರಿಸಿದರು. ಆ ಚಹಾ ಆರುವ ಅವಧಿಯಲ್ಲಿ ನಾನು ಹೇಳಿಬಿಟ್ಟೆ: ತೊಳೆಯಲು ಹೇಳಿದವನು ನಾನು.

“ಗೊತ್ತಿತ್ರಿ,” ಅಂದರು.

“ಯಾದಮ್ಮ ಹೇಳಿದಳೇ?”

“ಆಕಿ ಯಾಕ ಹೇಳತಾಳ್ರಿ? ಹದಿನಾರು ವರ್ಷ ನೋಡೀನಿ ಆಕೀನ. ಮೂರು ಸಲ ಹೇಳಲಾರದ ಯಾದಮ್ಮ ಒಂದು ಫ್ಲಾಸ್ಕರ ತೊಳದಾಳೇನು? ಯಾರೋ ಹೇಳಿರಬೇಕು. ಹೇಳಾವ್ರು ಲ್ಯಾಬಿನಾಗ ಇದ್ದದ್ದು ಇಬ್ರ. ನಾ ಹೇಳಿಲ್ಲ. ಇದಕ್ಕೂ ಗ್ರಾಫ್ ಹಾಕಬೇಕೇನ್ರಿ?”

“ಮತ್ತೆ ನೀವೇಕೆ ನಿಮ್ಮ ಮೇಲೆ…”

“ಆಕಿ ಹೋಗಿದ್ರ ಐಸ್ ಯಾರು ತರತಿದ್ರು? ನೀವಾ?” ಕಪ್ಪನ್ನು ಮುಟ್ಟಿ ನೋಡಿ ಮತ್ತೆ ಬಿಟ್ಟರು. “ಅದಿರ್ಲಿ. ಈಗ ಎಷ್ಟು ಉಳದೈತ್ರಿ ನಿಮಗ?”

“ಏನು?”

“ನಾಚಿಕಿ.”

ಲೆಕ್ಕ ಹಾಕಿ, “ಅರ್ಧದಷ್ಟು” ಅಂದೆ.

“ಹಂಗಾರ ಅರ್ಧಾಯು ಒಂದು ವರ್ಷ ಬಿತ್ತು. ನಿಧಾನದ ಕ್ರಿಯೆ ಐತಿ.” ಚಹಾ ಎತ್ತಿಕೊಂಡರು. “ಖರೇ ಹೇಳಬೇಕಂದ್ರ, ನನಗ ಹೇಳಿ ಏನೂ ಉಪಯೋಗ ಆಗಲಿಲ್ರಿ. ನನಗ ಮದಲ ಗೊತ್ತಿತ್ತು.”

ಇದರ ಅರ್ಥ ನನಗೆ ಆಗಲೇ ಆಯಿತು. ಆದರೂ ಇನ್ನೆರಡು ಅರ್ಧಾಯು ಕಾದೆ. ಉಳಿದದ್ದರಲ್ಲಿ ಪಾವನ್ನು ತಡೆದುಕೊಳ್ಳಬಹುದು ಎಂದು ಅವರೇ ಕಲಿಸಿದ್ದರಲ್ಲ.

ಹೋದ ತಿಂಗಳು ಅವರ ಮನೆಯವರ ಫೋನ್ ಬಂತು. “ಚಹಾ ಆರ್ಲಿ ಅಂತ ಇಟ್ಟು ಕುಂತಿದ್ರು ಅಣ್ಣಾರ,” ಅಂದರು. “ಆರೂದ್ರಾಗ ಹೋಗಿಬಿಟ್ರು.” ಆಮೇಲೆ, “ಮನ್ಯಾಗ ಕುಂತ್ರ ಕಾಟ ಅಂತಿದ್ದೆ ನಾ,” ಎಂದರು.

ಆ ದಿನವೂ ಪ್ರಾಕ್ಟಿಕಲ್ ಇತ್ತು. ಲ್ಯಾಬಿಗೆ ಹೋದಾಗ ಕಲ್ಲಿನ ಮೇಲೆ ಅನಂತ ಕೂತಿತ್ತು. ಆ ಘಟನೆಯಾದ ಮೇಲೆ ಯಾದಮ್ಮ ಆ ಫ್ಲಾಸ್ಕಿನ ಕುತ್ತಿಗೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುವ ಪದ್ಧತಿ ಮಾಡಿಕೊಂಡಿದ್ದಾಳೆ. ಕಟ್ಟಿದ್ದನ್ನು ಯಾರು ಹೇಳಿದರೂ ತೊಳೆಯುವುದಿಲ್ಲ. ಆಕೆಗೆ ಸುದ್ದಿ ತಿಳಿಸಿದೆ. ಐಸಿನ ಬಕೆಟ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ನಾನು ಬಹಳ ಕಷ್ಟಪಟ್ಟು, ಒಂದು ಮಹಾ ರಹಸ್ಯವನ್ನು ಬಿಚ್ಚಿಡುವವನ ಹಾಗೆ, ಆ ದಿನ ತಪ್ಪು ನನ್ನದಾಗಿತ್ತು ಎಂದೆ.

ಯಾದಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. “ನಾಕು ಎರ್ಕೇ ಸಾರ್. ನಾಕೇ ಗದಾ ಚೆಪ್ಪಿಂದಿ.” ನನಗೆ ಗೊತ್ತು ಸಾರ್, ನನಗೇ ಅಲ್ಲವೇ ನೀವು ಹೇಳಿದ್ದು.

ನಿಜವೇ. ಮೂರು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು ಪ್ರಿನ್ಸಿಪಾಲರೊಬ್ಬರನ್ನು ಬಿಟ್ಟು ಸಂಬಂಧಪಟ್ಟ ಎಲ್ಲರಿಗೂ ಗೊತ್ತಿತ್ತು.

“ಮತ್ತೆ ಅಂದೇ ಏಕೆ ಹೇಳಲಿಲ್ಲ ಯಾದಮ್ಮಾ?”

“ಮೀರೇ ಚೆಪ್ತರನುಕುನ್ನ ಸಾರ್.”

ನೀವೇ ಹೇಳುತ್ತೀರಿ ಅಂದುಕೊಂಡಿದ್ದೆ. ಇದನ್ನು ಆಕೆ ಆಕ್ಷೇಪಣೆಯ ದನಿಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಹಾಗೆ ಹೇಳಲಿಲ್ಲ. ಹೇಳಿ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸಂತಾಪ ಸಭೆ. ಪ್ರಿನ್ಸಿಪಾಲರು ಈಗಲೂ ಅವರೇ, ಅಧ್ಯಕ್ಷತೆ ಅವರದೇ. ವಿಭಾಗದ ಮುಖ್ಯಸ್ಥನೆಂದು ನನಗೆ ಮೂರು ನಿಮಿಷ ಕೊಟ್ಟಿದ್ದರು. ಮಾಸ್ತರ ಶಿಸ್ತು, ಸರಳತೆ, ಸಮಯಪಾಲನೆ ಎಂದು ಬರೆದುಕೊಂಡು ಹೋಗಿದ್ದ ಚೀಟಿಯನ್ನು ನೋಡಿದೆ; ಮೊದಲೇ ಎಳೆದಿಟ್ಟ ಗೆರೆಯಂತಿತ್ತು. ಮಡಚಿ ಜೇಬಿಗಿಟ್ಟೆ. ನನಗೆ ಮೂರು ನಿಮಿಷ ಬೇಕಾಗಲಿಲ್ಲ. ಆ ವರ್ಷ ಅನಂತವನ್ನು ತೊಳೆಸಿದವನು ನಾನು, ಮಾಸ್ತರಲ್ಲ, ಯಾದಮ್ಮನೂ ಅಲ್ಲ, ಎಂದು ಹೇಳಿ ಕೂತೆ. ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಯಾದಮ್ಮ, ಈ ಮಾತಿಗೆ ಇಷ್ಟು ಹೊತ್ತು ಬೇಕಾಯಿತೇ ಎಂಬಂತೆ, ಕಪ್ಪುಗಳನ್ನು ಹಂಚತೊಡಗಿದಳು.

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಸಭೆ ಮುಗಿದೊಡನೆ, ಕೋಣೆಗೆ ಬನ್ನಿ ಎಂದು ಹೇಳಿ ಎದ್ದುಹೋದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಗಡಿಯಾರ ನೋಡಿದರು. ಒಬ್ಬರು ನನ್ನ ತೋಳು ಹಿಡಿದು, “ನಲವತ್ತು ನಿಮಿಷ ಕೂತು ಹೋಗಿ ಸಾರ್, ಮಾಸ್ತರ ಲೆಕ್ಕ,” ಎಂದರು.

ನಾನು ಕೂರಲಿಲ್ಲ. ಆಗಲೇ ಎದ್ದು ಹೋದೆ.